ಕೇಳುವ ಮೊದಲೇ ಮುಂದೆ ಬಂದ ಬೆರಳು

ಕ್ಯಾಲಿಫೋರ್ನಿಯಾದ ಸ್ಟಾಕ್ಟನ್ ಮತ್ತು ಮೊಡೆಸ್ಟೊ ಊರುಗಳ ನಡುವೆ, ಹೆದ್ದಾರಿ 99ರಿಂದ ಸ್ವಲ್ಪ ಒಳಗೆ ಇರುವ ಒಂದು ಕ್ಲಿನಿಕ್ಕಿನಲ್ಲಿ ನಾನು ನರ್ಸ್ ಪ್ರಾಕ್ಟಿಷನರ್, ಅಂದರೆ ಹೆಚ್ಚಿನ ತರಬೇತಿ ಪಡೆದು ರೋಗಿಗಳನ್ನು ತಾನೇ ಪರೀಕ್ಷಿಸುವ ನರ್ಸ್, ಆಗಿದ್ದೇನೆ. ನನ್ನ ದಿನದ ಅರ್ಧ ಭಾಗ ಟ್ರಕ್ ಚಾಲಕರ ದೈಹಿಕ ಅರ್ಹತೆಯ ಪರೀಕ್ಷೆಯಲ್ಲೇ ಕಳೆಯುತ್ತದೆ; ಇಲ್ಲಿ ಅದನ್ನು ಎಲ್ಲರೂ ಡಿಒಟಿ (ಅಮೆರಿಕದ ಸಾರಿಗೆ ಇಲಾಖೆ) ಫಿಸಿಕಲ್ ಎನ್ನುತ್ತಾರೆ. ಒಂದು ರಾಜ್ಯದಿಂದ ಇನ್ನೊಂದಕ್ಕೆ ಸರಕು ಸಾಗಿಸುವ ಚಾಲಕರನ್ನು ಪರೀಕ್ಷಿಸಿ ಸಹಿ ಹಾಕುವ ಅಧಿಕಾರ, 2014ರ ಮೇ ತಿಂಗಳಿನಿಂದ, ತರಬೇತಿ ಪಡೆದು ಪರೀಕ್ಷೆ ಪಾಸಾಗಿ ಕೇಂದ್ರ ಸರ್ಕಾರದ ನೋಂದಣಿಯಲ್ಲಿ ಹೆಸರು ಸೇರಿಸಿಕೊಂಡವರಿಗೆ ಮಾತ್ರ ಇದೆ. ಆ ಹೆಸರು ಉಳಿಯಬೇಕಾದರೆ ಐದು ವರ್ಷಕ್ಕೊಮ್ಮೆ ಮತ್ತೆ ಪಾಠ ಕೇಳಬೇಕು, ಹತ್ತು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆಗೆ ಕೂರಬೇಕು.

ಅದು 2023ರ ಸೆಪ್ಟೆಂಬರ್. ಬಾದಾಮಿ ಮತ್ತು ಟೊಮೆಟೊ ಕೊಯ್ಲಿನ ಕಾಲವಾದ್ದರಿಂದ ಈ ಕಣಿವೆಯಲ್ಲಿ ಟ್ರಕ್ಕುಗಳಿಗೆ ಹಗಲು ರಾತ್ರಿ ಬಿಡುವಿರುವುದಿಲ್ಲ, ನಮ್ಮ ಕ್ಲಿನಿಕ್ಕಿಗೂ ಇರುವುದಿಲ್ಲ. ಊಟದ ಹೊತ್ತಿಗೆ ಮುಂಚೆ ಐದನೆಯವರಾಗಿ ಬಂದವರು ಸುಮಾರು ಐವತ್ತೆಂಟು ವಯಸ್ಸಿನ ಒಬ್ಬ ಪಂಜಾಬಿ ಚಾಲಕರು. ಈ ಭಾಗದಲ್ಲಿ ಪಂಜಾಬಿ ಚಾಲಕರು ಬಹಳ. ಅವರೊಡನೆ ನಾನು ನನ್ನ ಬೆಂಗಳೂರಿನ ಹಿಂದಿಯಲ್ಲಿ ಮಾತನಾಡುತ್ತೇನೆ. ಅವರು ಅದನ್ನು ಸಹಿಸಿಕೊಳ್ಳುತ್ತಾರೆ. ಹಳೆಯ ವೈದ್ಯಕೀಯ ಅರ್ಹತೆಯ ಕಾರ್ಡಿನ ಅವಧಿ ಅಂದೇ ಮುಗಿಯುತ್ತದೆಂದೂ, ಮರುದಿನ ಬೆಳಗಿನ ಜಾವ ನಾಲ್ಕಕ್ಕೆ ಲೋಡ್ ಎತ್ತಬೇಕೆಂದೂ ಅವರು ಬಾಗಿಲಲ್ಲೇ ಹೇಳಿದರು.

ಅರ್ಜಿಯ ಮೊದಲ ಭಾಗವನ್ನು ಚಾಲಕರೇ ತುಂಬಬೇಕು. ಹೃದ್ರೋಗ, ಮೂರ್ಛೆ, ಗೊರಕೆ, ಸಕ್ಕರೆ ಕಾಯಿಲೆ, ಇನ್ಸುಲಿನ್ ಎಂದು ಮೂವತ್ತಕ್ಕೂ ಮಿಕ್ಕ ಪ್ರಶ್ನೆಗಳಿವೆ. ಅವರು ಎಲ್ಲಕ್ಕೂ 'ಇಲ್ಲ' ಎಂಬಲ್ಲಿ ಗುರುತು ಹಾಕಿದ್ದರು, ಅದೂ ಮೇಲಿನಿಂದ ಕೆಳಗೆ ಒಂದೇ ಗೆರೆ ಎಳೆದಂತೆ. ಇದು ಅಪರೂಪವೇನಲ್ಲ. ಐವತ್ತು ದಾಟಿದ ದೇಹವೊಂದಕ್ಕೆ ಯಾವ ತೊಂದರೆಯೂ ಇಲ್ಲವೆಂದು ಕಾಗದ ಹೇಳಿದಾಗ ನಾನು ಸಾಮಾನ್ಯವಾಗಿ ಒಂದೊಂದನ್ನೂ ಬಾಯಲ್ಲಿ ಮತ್ತೆ ಕೇಳುತ್ತೇನೆ. ಅಂದು ಕೇಳಲಿಲ್ಲ. ಹೊರಗೆ ಇನ್ನೂ ಮೂವರು ಕಾಯುತ್ತಿದ್ದರು ಎಂಬುದು ಕಾರಣವೇ ಹೊರತು ಸಮರ್ಥನೆಯಲ್ಲ.

ಕಣ್ಣಿನ ಪರೀಕ್ಷೆಯಲ್ಲಿ ಎರಡು ಕಣ್ಣುಗಳೂ ಬೇರೆಬೇರೆಯಾಗಿ ನಿಯಮ ಕೇಳುವ 20/40 ಮಟ್ಟವನ್ನು ಮುಟ್ಟಿದವು. ಕೆಂಪು, ಹಸಿರು, ಹಳದಿ ಬಣ್ಣಗಳನ್ನು ತಡವರಿಸದೆ ಹೇಳಿದರು. ರಕ್ತದೊತ್ತಡ 138/86, 140/90ರ ಗಡಿಯೊಳಗೇ ಇತ್ತು. ನನಗೆ ಇಂದಿಗೂ ನಗು ಬರಿಸುವುದು ಕಿವಿಯ ಪರೀಕ್ಷೆ. ಐದು ಅಡಿ ದೂರದಲ್ಲಿ ನಿಂತು, ಉಸಿರನ್ನು ಪೂರ್ತಿ ಹೊರಗೆ ಬಿಟ್ಟು, ಉಳಿದ ಗಾಳಿಯಲ್ಲಿ ಯಾವುದೋ ಸಂಖ್ಯೆಯನ್ನು ಪಿಸುಗುಟ್ಟಬೇಕು; ಅವರು ಒಂದು ಕಿವಿ ಮುಚ್ಚಿಕೊಂಡು ಇನ್ನೊಂದನ್ನು ನನ್ನತ್ತ ತಿರುಗಿಸಿ ಅದನ್ನು ಮರಳಿ ಹೇಳಬೇಕು. ಎಂಬತ್ತು ಸಾವಿರ ಪೌಂಡ್ ತೂಕದ ವಾಹನ ನಡೆಸುವ ಯೋಗ್ಯತೆಯನ್ನು ಗುಟ್ಟು ಹೇಳಿ ಅಳೆಯುವ ಈ ಪದ್ಧತಿ ಹೇಗೆ ಉಳಿದುಕೊಂಡಿತೋ ಎನಿಸುತ್ತದೆ. ಅವರು ಎರಡು ಕಿವಿಗಳಲ್ಲೂ ಪಾಸಾದರು.

ಆಮೇಲೆ ಮೂತ್ರ. ಚಾಲಕರಲ್ಲಿ ಹಲವರು ಇದನ್ನು ಮಾದಕ ವಸ್ತುವಿನ ಪರೀಕ್ಷೆ ಎಂದುಕೊಳ್ಳುತ್ತಾರೆ. ಅದು ಬೇರೆ, ಇದು ಪ್ರೋಟೀನ್, ರಕ್ತ, ಸಕ್ಕರೆ ನೋಡುವ ಪಟ್ಟಿ ಅಷ್ಟೆ. ಪಟ್ಟಿಯನ್ನು ಅದ್ದಿ ತೆಗೆದು ಮೂವತ್ತು ಸೆಕೆಂಡ್ ಎಣಿಸುವಷ್ಟರಲ್ಲಿ ಸಕ್ಕರೆಯ ಚೌಕ ತಿಳಿನೀಲಿಯಿಂದ ಹಸಿರಾಗಿ ಕಡು ಕಂದಿಗೆ ತಿರುಗಿತು. "ರಾತ್ರಿ ಮದುವೆ ಮನೆಯಲ್ಲಿ ಜಿಲೇಬಿ ತಿಂದಿದ್ದೆ, ಬೇಟಿ" ಎಂದರು. ಅದು ಜಿಲೇಬಿಯೇ ಇರಬಹುದೆಂದು ನಾನು ನಂಬಲಿಲ್ಲವಾದರೂ ತಕ್ಷಣ ತೀರ್ಪು ಕೊಡುವಂತೆಯೂ ಇರಲಿಲ್ಲ. ಸಕ್ಕರೆಯನ್ನು ಮೂತ್ರದ ಮೂಲಕವೇ ಹೊರಹಾಕುವ ಮಾತ್ರೆಗಳಿವೆ, ಅವನ್ನು ನುಂಗುವವರ ಕಾಯಿಲೆ ಎಷ್ಟೇ ಹತೋಟಿಯಲ್ಲಿದ್ದರೂ ಪಟ್ಟಿ ಹೀಗೆಯೇ ಕಂದಾಗುತ್ತದೆ. ಬೆರಳು ಚುಚ್ಚಿ ರಕ್ತದಲ್ಲೇ ನೋಡೋಣವೆಂದು ಸೂಜಿ ತೆಗೆದೆ.

ಎಂದೂ ಬೆರಳು ಚುಚ್ಚಿಸಿಕೊಳ್ಳದವರು ತೋರುಬೆರಳನ್ನು, ಅದರ ಮೆತ್ತನೆಯ ಮಧ್ಯಭಾಗ ಮೇಲಾಗುವಂತೆ, ಮುಖ ಬೇರೆಡೆ ತಿರುಗಿಸಿ ಚಾಚುತ್ತಾರೆ. ಇವರು ನಾನು ಕೇಳುವ ಮೊದಲೇ ಎಡಗೈಯ ಉಂಗುರ ಬೆರಳನ್ನು ಹೊರಳಿಸಿ, ನೋವು ಕಡಿಮೆ ಇರುವ ಅಂಚನ್ನು ಮುಂದೆ ಮಾಡಿ, ಬುಡದಿಂದ ತುದಿಯವರೆಗೆ ಬಲಗೈಯಿಂದ ಎರಡು ಬಾರಿ ನೀವಿ ಕೊಟ್ಟರು. ಆ ಅಂಚಿನಲ್ಲಿ ಸಾಸಿವೆಗಿಂತ ಚಿಕ್ಕದಾದ ಕಪ್ಪು ಚುಕ್ಕೆಗಳ ಸಾಲೇ ಇತ್ತು. ನಾನು ಚುಕ್ಕೆಗಳನ್ನು ನೋಡಿದೆ, ಅವರು ನನ್ನನ್ನು ನೋಡಿದರು. ಮೀಟರಿನಲ್ಲಿ 287 ಬಂದಿತು.

"ಇನ್ಸುಲಿನ್ ಎಷ್ಟು ವರ್ಷದಿಂದ, ಅಂಕಲ್‌ಜಿ?" ಎಂದು ಕೇಳಿದೆ. ತುಸು ಹೊತ್ತು ಪೇಟದ ಅಂಚನ್ನು ಸರಿಪಡಿಸಿಕೊಂಡು, "ಎರಡು" ಎಂದರು.

ಇನ್ಸುಲಿನ್ ಎಂದರೆ ಲೈಸೆನ್ಸ್ ಹೋಯಿತು ಎಂದು ಅವರಿಗೆ ಯಾರೋ ಹೇಳಿದ್ದರು. ಆ ಮಾತು ಒಂದು ಕಾಲಕ್ಕೆ ಸುಳ್ಳಾಗಿರಲಿಲ್ಲ: ಆಗ ಇನ್ಸುಲಿನ್ ತೆಗೆದುಕೊಳ್ಳುವ ಚಾಲಕರು ಕೇಂದ್ರದಿಂದ ವಿಶೇಷ ವಿನಾಯಿತಿ ಪಡೆಯಬೇಕಿತ್ತು. 2018ರ ನವೆಂಬರ್‌ನಲ್ಲಿ ಅದು ಬದಲಾಯಿತು. ಈಗ ಚಿಕಿತ್ಸೆ ಕೊಡುವ ವೈದ್ಯರು ಎಂಸಿಎಸ್‌ಎ 5870 ಎಂಬ ಫಾರಂ ತುಂಬಿ, ಇನ್ಸುಲಿನ್ ಪ್ರಮಾಣ ಸ್ಥಿರವಾಗಿದೆ, ಸಕ್ಕರೆ ಹತೋಟಿಯಲ್ಲಿದೆ ಎಂದು ಬರೆದುಕೊಟ್ಟರೆ, ಜೊತೆಗೆ ಮೀಟರಿನಲ್ಲಿ ದಿನಾಂಕ ಮತ್ತು ವೇಳೆಯೊಂದಿಗೆ ಮೂರು ತಿಂಗಳ ದಾಖಲೆ ಇದ್ದರೆ, ನಾನು ಒಂದು ವರ್ಷದವರೆಗಿನ ಕಾರ್ಡ್ ಕೊಡಬಹುದು. ಸುಮಾರು ಐದು ವರ್ಷಗಳಿಂದ ಇಲ್ಲದಿರುವ ನಿಯಮವೊಂದಕ್ಕೆ ಹೆದರಿ ಅವರು ಎರಡು ವರ್ಷ ಸುಳ್ಳು ಹೇಳಿದ್ದರು.

ಅದಕ್ಕಿಂತ ನನ್ನನ್ನು ಕಲಕಿದ್ದು ಮುಂದಿನ ಮಾತು. ದಾರಿಯಲ್ಲಿ ಸಕ್ಕರೆ ಇಳಿದು ತಲೆ ಸುತ್ತಬಾರದೆಂದು ಗಾಡಿ ಓಡಿಸುವ ದಿನಗಳಲ್ಲಿ ಅವರು ಇನ್ಸುಲಿನ್ ಚುಚ್ಚಿಕೊಳ್ಳುತ್ತಲೇ ಇರಲಿಲ್ಲ. ವಾರದಲ್ಲಿ ಐದು ದಿನ. ಅವರ ವೈದ್ಯರಿಗೆ ಇದು ಗೊತ್ತಿರಲಿಲ್ಲ. ಸಕ್ಕರೆ ಇಳಿಯುತ್ತಿಲ್ಲವಲ್ಲ ಎಂದು ಅವರು ಪ್ರಮಾಣ ಏರಿಸುತ್ತಿದ್ದರು, ಏರಿಸಿದಷ್ಟೂ ಇವರು ಹೆಚ್ಚು ಹೆದರುತ್ತಿದ್ದರು. ಹೀಗೆ ಬಿಟ್ಟರೆ ಕಣ್ಣಿನ ಪರದೆಯ ರಕ್ತನಾಳಗಳು ಕೆಡುತ್ತವೆ, ಆ ಕೇಡು ತೀವ್ರ ಹಂತ ಮುಟ್ಟಿದರೆ ಇನ್ಸುಲಿನ್ ತೆಗೆದುಕೊಳ್ಳುವ ಚಾಲಕರಿಗೆ ಶಾಶ್ವತವಾಗಿಯೇ ಕಾರ್ಡ್ ಇಲ್ಲ. ಲೈಸೆನ್ಸ್ ಉಳಿಸಿಕೊಳ್ಳಲು ಅವರು ಮಾಡುತ್ತಿದ್ದುದು ಅದನ್ನು ಕಳೆಯುವ ನೇರ ದಾರಿಯಾಗಿತ್ತು.

"ಇವತ್ತು ಬರೆದುಕೊಡು ಬೇಟಿ, ಕಾಗದ ಆಮೇಲೆ ತರುತ್ತೇನೆ, ಯಾರು ನೋಡುತ್ತಾರೆ?" ಎಂದರು.

ನನ್ನ ದೊಡ್ಡಪ್ಪ ಅರಸೀಕೆರೆಯಲ್ಲಿ ಲಾರಿ ಓಡಿಸುತ್ತಿದ್ದರು. ಲೈಸೆನ್ಸ್ ನವೀಕರಣಕ್ಕೆ ಬೇಕಾದ ಫಾರಂ 1ಎ ಎಂಬ ವೈದ್ಯಕೀಯ ಪ್ರಮಾಣಪತ್ರ ಮಾಡಿಸಲು ಹೋದಾಗ ಒಮ್ಮೆ ನಾನೂ ಜೊತೆಗಿದ್ದೆ. ಸಹಿ ಹಾಕಿದವರು ತಲೆ ಎತ್ತಿ ದೊಡ್ಡಪ್ಪನ ಮುಖವನ್ನೂ ನೋಡಲಿಲ್ಲ. ಕೆಲಸ ಬೇಗ ಆಯಿತೆಂದು ನಾವು ಸಂತೋಷದಿಂದ ಬೆಣ್ಣೆ ದೋಸೆ ತಿಂದು ಮನೆಗೆ ಬಂದೆವು. ದೊಡ್ಡಪ್ಪನಿಗೆ ರಾತ್ರಿ ಹೊತ್ತು ಎದುರಿನ ದೀಪಗಳ ಸುತ್ತ ಬಳೆಗಳು ಕಾಣುತ್ತಿದ್ದವು ಎಂಬುದು ಆ ವರ್ಷ ದೊಡ್ಡಮ್ಮನಿಗೆ ಮಾತ್ರ ಗೊತ್ತಿತ್ತು. ತಿಪಟೂರಿನ ರಸ್ತೆಯಲ್ಲಿ ಒಂದು ಎತ್ತಿನ ಗಾಡಿ ಕೂದಲೆಳೆಯಲ್ಲಿ ತಪ್ಪಿದ ಮೇಲೆ ಅವರೇ ಕೀಲಿಕೈಯನ್ನು ಮಾಲೀಕರಿಗೆ ಕೊಟ್ಟು ಬಂದರು.

ನಾನು ಸಹಿ ಹಾಕಲಿಲ್ಲ. 'ಇಲ್ಲ' ಎಂಬ ಗುರುತನ್ನು ಅವರ ಕೈಯಲ್ಲೇ ತಿದ್ದಿಸಿ, ಫಲಿತಾಂಶದ ಜಾಗದಲ್ಲಿ 'ನಿರ್ಧಾರ ಬಾಕಿ' ಎಂದು ಬರೆದೆ. ಅದಕ್ಕೆ ನಲವತ್ತೈದು ದಿನಗಳ ಗಡುವು. ಇದನ್ನೂ ಮರುದಿನದ ನಡುರಾತ್ರಿಯೊಳಗೆ ನೋಂದಣಿಯ ತಾಣಕ್ಕೆ ಏರಿಸಬೇಕು. ಹಳೆಯ ಕಾರ್ಡ್ ಅಂದೇ ಮುಗಿಯುತ್ತಿದ್ದುದರಿಂದ ಅವರು ಮರುದಿನ ಟ್ರಕ್ ಹತ್ತುವಂತಿರಲಿಲ್ಲ. ಹಣಕ್ಕೆ ರಸೀದಿ ಪಡೆದು, ನನ್ನೊಡನೆ ಮತ್ತೊಂದು ಮಾತಾಡದೆ ಹೊರಟುಹೋದರು. ಮಧ್ಯಾಹ್ನ ಬಂದ ಮೂವರಿಗೂ ನಾನು ಪ್ರತಿಯೊಂದು ಪ್ರಶ್ನೆಯನ್ನು ಬಾಯಲ್ಲಿ ಕೇಳಿದೆ, ಮೂರನೆಯವರು ಸಿಡುಕಿದರು.

ಹತ್ತೊಂಬತ್ತನೆಯ ದಿನ ಅವರು ಮಗನೊಡನೆ ಬಂದರು. ಫಾರಂ ತುಂಬಿತ್ತು. ಮೀಟರಿನಲ್ಲಿದ್ದದ್ದು ಆರು ವಾರಗಳ ದಾಖಲೆ ಮಾತ್ರ, ಅದರಲ್ಲಿ ಮೊದಲ ಭಾಗ ತೂತು ತೂತು. ಹಾಗಿದ್ದಾಗ ಉಳಿದ ದಾಖಲೆ ಕೂಡಿಹಾಕಲು ಮೂರು ತಿಂಗಳ ಕಾರ್ಡ್ ಕೊಡಲು ನಿಯಮದಲ್ಲಿ ಅವಕಾಶವಿದೆ; ಅದನ್ನೇ ಕೊಟ್ಟೆ. ಮಗ ಫೋನಿನಲ್ಲಿ ಅದರ ಚಿತ್ರ ತೆಗೆದುಕೊಂಡ. ತಂದೆ ಕಾರ್ಡನ್ನು ಬೆಳಕಿಗೆ ಹಿಡಿದು ದಿನಾಂಕವನ್ನು ಎರಡು ಸಲ ಓದಿ, "ಮೂರು ತಿಂಗಳಿಗೆ ಮತ್ತೆ ಬರಬೇಕು, ಮತ್ತೆ ಫೀಸ್ ಕೊಡಬೇಕು?" ಎಂದು ಕೇಳಿದರು. ಹೌದು ಎಂದೆ. ಪಂಜಾಬಿಯಲ್ಲಿ ಏನೋ ಗೊಣಗಿದರು. ಮಗ ಅದನ್ನು ಹಿಂದಿಗೆ ತಿರುಗಿಸಿ ಹೇಳಲಿಲ್ಲ, ನಾನೂ ಕೇಳಲಿಲ್ಲ.