ಚಾರ್ಜ್ ಏರದ ಫೋನು, ಬಳ್ಳಾರಿಯ ಕೆಂಧೂಳು

ಚಾರ್ಜರ್ ವೈರ್ ಅಲುಗಾಡಿಸಿದರೆ ಮಾತ್ರ ಚಾರ್ಜ್ ಏರುತ್ತಿದೆಯೇ? ಹೊಸ ಚಾರ್ಜರ್‌ಗೆ ದುಡ್ಡು ಸುರಿಯುವ ಮುಂಚೆ ಫೋನಿನ ಚಾರ್ಜಿಂಗ್ ತೂತಿಗೆ ಟಾರ್ಚ್ ಬಿಟ್ಟು ನೋಡಿ. ಬಳ್ಳಾರಿ, ಸಂಡೂರು ಕಡೆ ಅದಿರಿನ ಕೆಂಧೂಳು ಜೇಬಿನ ನೂಲಿನ ಜುಂಜಿನೊಂದಿಗೆ ಬೆರೆತು ಅಲ್ಲಿ ಸೇರಿಕೊಳ್ಳುತ್ತದೆ. ಪಿನ್ ಚುಚ್ಚಿದಾಗಲೆಲ್ಲ ನಾವೇ ಅದನ್ನು ತಳಕ್ಕೆ ಒತ್ತುತ್ತೇವೆ. ಕೊನೆಗೆ ಅದು ಗಟ್ಟಿ ಬಿಲ್ಲೆಯಾಗಿ ಕೂರುತ್ತದೆ. ಆಮೇಲೆ ಪಿನ್ ಪೂರ್ತಿ ಒಳಗೆ ಹೋಗುವುದಿಲ್ಲ, 'ಟಕ್' ಎನ್ನುವುದಿಲ್ಲ, ಅರ್ಧ ಮಿಲಿಮೀಟರ್ ಹೊರಗೇ ನಿಲ್ಲುತ್ತದೆ.

ಮೊದಲು ಫೋನು ಸ್ವಿಚ್ ಆಫ್ ಮಾಡಿ. ಹಲ್ಲುಕಡ್ಡಿಯ ತುದಿಯನ್ನು ಬ್ಲೇಡಿನಿಂದ ಚಪ್ಪಟೆಯಾಗಿ ಕೆತ್ತಿ, ತೂತಿನ ಗೋಡೆಗುಂಟ ಇಳಿಸಿ ಕಸವನ್ನು ಮೆಲ್ಲಗೆ ಹೊರಕ್ಕೆ ಎಳೆಯಿರಿ. ಟೈಪ್-ಸಿ ಫೋನಿನಲ್ಲಿ ನಡುವೆ ತೆಳು ನಾಲಿಗೆ ಇರುತ್ತದೆ. ಅದು ಮುರಿದರೆ ಚಾರ್ಜಿಂಗ್ ಪೋರ್ಟನ್ನೇ ಬದಲಿಸಬೇಕು, ಅದಕ್ಕೇ ಅಲ್ಲಿ ಒತ್ತಲೇಬೇಡಿ. ಸೇಫ್ಟಿ ಪಿನ್, ಸೂಜಿ ಖಂಡಿತ ಬೇಡ. ಬಾಯಲ್ಲಿ ಊದಿದರೆ ಎಂಜಲಿನ ತೇವ ಒಳಗೆ ಸೇರುತ್ತದೆ. ಪಂಕ್ಚರ್ ಅಂಗಡಿಯ ಗಾಳಿ ಹೊಡೆಸುವುದು ಇನ್ನೂ ಕೆಟ್ಟದ್ದು, ಕಂಪ್ರೆಸರ್ ಗಾಳಿಯಲ್ಲಿ ನೀರು, ಎಣ್ಣೆ ಎರಡೂ ಬರಬಹುದು.

ತೂತು ಸ್ವಚ್ಛವಿದ್ದೂ ಬೇಸಿಗೆ ಮಧ್ಯಾಹ್ನ ಚಾರ್ಜ್ ನಿಂತರೆ ಫೋನು ಕೆಟ್ಟಿದೆ ಎಂದಲ್ಲ. ಬ್ಯಾಟರಿ ಕಾದಾಗ ಫೋನು ತಾನೇ ಚಾರ್ಜಿಂಗ್ ತಗ್ಗಿಸುತ್ತದೆ, ಇಲ್ಲವೇ ನಿಲ್ಲಿಸುತ್ತದೆ. ನಮ್ಮಲ್ಲಿ 40 ಡಿಗ್ರಿ ದಾಟುವ ದಿನಗಳಲ್ಲಿ ಇದು ಸಾಮಾನ್ಯ. ಕವರ್ ತೆಗೆಯಿರಿ, ಹಾಸಿಗೆ ಮೇಲಿಡದೆ ನೆರಳಿನ ಕಡಪ ಕಲ್ಲಿನ ಮೇಲಿಟ್ಟು ಫ್ಯಾನ್ ಹಾಕಿ. ಫ್ರಿಜ್ಜಿನಲ್ಲಿ ಮಾತ್ರ ಇಡಬೇಡಿ, ಹೊರತೆಗೆದೊಡನೆ ಒಳಗೆಲ್ಲ ನೀರಹನಿ ಕಟ್ಟುತ್ತದೆ.