ಶಾಂತಿ, ಸಾರ್ವಜನಿಕ ನೀತಿ, ಮೂಲನಿವಾಸಿಗಳ ಶಿಕ್ಷಣ: ಮೂರನ್ನೂ ಒಟ್ಟಿಗೆ ಓದುವುದೇಕೆ?

"ನೀವು ನಿಜವಾಗಿ ಯಾವ ವಿಷಯದ ಅಧ್ಯಾಪಕರು? ಶಾಂತಿ ಸ್ಥಾಪನೆಯೇ, ಸಾರ್ವಜನಿಕ ನೀತಿಯೇ, ಮೂಲನಿವಾಸಿಗಳ ಶಿಕ್ಷಣವೇ?" ಎಂದು ವಿದ್ಯಾರ್ಥಿಗಳೂ ಸಹೋದ್ಯೋಗಿಗಳೂ ನನ್ನನ್ನು ಆಗಾಗ ಕೇಳುತ್ತಾರೆ. ಇವುಗಳಲ್ಲಿ ಒಂದನ್ನು ಮಾತ್ರ ಹಿಡಿದು ಹೊರಟರೆ ಅದೂ ಪೂರ್ತಿಯಾಗಿ ಅರ್ಥವಾಗುವುದಿಲ್ಲ ಎಂಬುದು ನನ್ನ ಉತ್ತರ. ಅನೇಕ ದೇಶಗಳಲ್ಲಿ ಪ್ರಭುತ್ವವು ಮೂಲನಿವಾಸಿಗಳನ್ನು ಮಣಿಸಲು ಸೈನ್ಯವನ್ನಷ್ಟೇ ಅಲ್ಲ, ಶಾಲೆಯನ್ನೂ ಬಳಸಿಕೊಂಡಿತು.

ಕೆನಡಾದಲ್ಲಿ ಸರ್ಕಾರದ ಹಣದಿಂದ, ಬಹುಪಾಲು ಚರ್ಚುಗಳ ಆಡಳಿತದಲ್ಲಿ ನಡೆದ ವಸತಿ ಶಾಲೆಗಳು ಸುಮಾರು 1,50,000 ಮೂಲನಿವಾಸಿ ಮಕ್ಕಳನ್ನು ಹೆತ್ತವರಿಂದ ದೂರವಿಟ್ಟು, ಮನೆಮಾತನ್ನು ಆಡಿದವರನ್ನು ಶಿಕ್ಷಿಸಿ, ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಸಾಗಬೇಕಿದ್ದ ಅರಿವಿನ ಎಳೆಯನ್ನೇ ಕಡಿದುಹಾಕಿದವು. ಈ ಚರಿತ್ರೆಯನ್ನು ವಿಚಾರಿಸಿದ ಸತ್ಯ ಮತ್ತು ಸಂಧಾನ ಆಯೋಗವು 2015ರಲ್ಲಿ 94 ಕ್ರಮಗಳನ್ನು ಸೂಚಿಸಿತು. ನಾನು ತರಗತಿಯಲ್ಲಿ ಮೊದಲು ಓದಿಸುವುದು ಎಂಟನೆಯದನ್ನು. ಮೂಲನಿವಾಸಿಗಳಿಗೆಂದು ಮೀಸಲಿಟ್ಟ ನೆಲೆಗಳ ಒಳಗೆ ಓದುವ ಮೂಲನಿವಾಸಿ ಮಕ್ಕಳಿಗೂ ಹೊರಗೆ ಓದುವವರಿಗೂ ಒಕ್ಕೂಟ ಸರ್ಕಾರ ನೀಡುವ ಶಿಕ್ಷಣ ಅನುದಾನದಲ್ಲಿರುವ ಅಂತರವನ್ನು ತೊಡೆದುಹಾಕಬೇಕೆಂದು ಅದು ಹೇಳುತ್ತದೆ. ಸಂಧಾನ ನಡೆದಿದೆಯೇ ಎಂದು ತಿಳಿಯಬೇಕಾದರೆ ಆಯವ್ಯಯ ಪತ್ರವನ್ನೂ ಓದಲು ಬರಬೇಕು.

ಮಧ್ಯ ಅಮೆರಿಕದ ಗ್ವಾಟೆಮಾಲಾದ ಉದಾಹರಣೆ ಇನ್ನೂ ಗಾಢವಾದುದು. ಅಲ್ಲಿನ 36 ವರ್ಷಗಳ ಅಂತರ್ಯುದ್ಧದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನರು ಹತರಾದರು ಅಥವಾ ಕಣ್ಮರೆಯಾದರು ಎಂದು ಸತ್ಯಶೋಧನಾ ಆಯೋಗವು 1999ರಲ್ಲಿ ಅಂದಾಜಿಸಿತು. ಗುರುತು ಪತ್ತೆಯಾದ ಸಂತ್ರಸ್ತರಲ್ಲಿ ಶೇ. 83ರಷ್ಟು ಮಂದಿ ಅಲ್ಲಿನ ಮೂಲನಿವಾಸಿಗಳಾದ ಮಾಯಾ ಜನರು. 1996ರ ಅಂತಿಮ ಒಪ್ಪಂದಕ್ಕೆ ಮೊದಲೇ, 1995ರ ಮಾರ್ಚ್‌ನಲ್ಲಿ, ಸರ್ಕಾರವೂ ಗೆರಿಲ್ಲಾ ಸಂಘಟನೆಯೂ ಮೂಲನಿವಾಸಿಗಳ ಅಸ್ಮಿತೆ ಮತ್ತು ಹಕ್ಕುಗಳ ಕುರಿತ ಒಪ್ಪಂದಕ್ಕೆ ಸಹಿ ಹಾಕಿದ್ದವು. ಪಠ್ಯಕ್ರಮವನ್ನೂ ಶಾಲಾ ವರ್ಷದ ವೇಳಾಪಟ್ಟಿಯನ್ನೂ ನಿರ್ಧರಿಸುವಲ್ಲಿ ಸಮುದಾಯಗಳಿಗೆ ಮುಖ್ಯ ಪಾತ್ರವಿರಬೇಕು, ಶಿಕ್ಷಕರ ನೇಮಕಕ್ಕೂ ಅವರನ್ನು ತೆಗೆದುಹಾಕುವುದಕ್ಕೂ ಹೆಸರು ಸೂಚಿಸುವ ಅಧಿಕಾರ ಅವುಗಳಿಗೆ ಸಿಗಬೇಕು ಎಂದು ಆ ಒಪ್ಪಂದದಲ್ಲಿ ಬರೆಯಲಾಗಿದೆ. ಶಾಂತಿಯ ದಾಖಲೆಯೊಂದು ಶಿಕ್ಷಕರ ನೇಮಕಾತಿಯವರೆಗೆ ಇಳಿದು ಬಂದದ್ದನ್ನು ನಾನು ಬಹಳ ಗೌರವದಿಂದ ಕಾಣುತ್ತೇನೆ. ಆದರೆ ಒಪ್ಪಂದಗಳನ್ನು ಜಾರಿಗೆ ತರಲು ಬೇಕಿದ್ದ ಸಂವಿಧಾನ ತಿದ್ದುಪಡಿಗಳು 1999ರ ಜನಮತಗಣನೆಯಲ್ಲಿ ಸೋತವು. ಮೂಲನಿವಾಸಿಗಳ ಭಾಷೆಗಳಿಗೆ ಮನ್ನಣೆ ಕೊಟ್ಟ ರಾಷ್ಟ್ರೀಯ ಭಾಷೆಗಳ ಕಾನೂನು ಬಂದದ್ದು 2003ರಲ್ಲಿ. ಸಹಿ ಬಿದ್ದ ಮಾತು ತರಗತಿಯನ್ನು ತಲುಪುವ ಮೊದಲು ಎಲ್ಲಿ, ಯಾರ ಕೈಯಲ್ಲಿ ನಿಂತುಹೋಯಿತು ಎಂದು ಹುಡುಕುವುದೇ ನನ್ನ ವೃತ್ತಿಯ ಬಹುಭಾಗ.

ದಾರಿ ಯಾವಾಗಲೂ ಮೇಲಿನಿಂದ ಕೆಳಕ್ಕೇ ಇರುತ್ತದೆ ಎಂದಲ್ಲ. ನ್ಯೂಜಿಲೆಂಡ್‌ನಲ್ಲಿ ಅಲ್ಲಿನ ಮೂಲನಿವಾಸಿಗಳಾದ ಮಾವೋರಿ ಜನರ ಭಾಷೆಯ ಶಿಶುವಿಹಾರಗಳು 1982ರಲ್ಲಿ ಆರಂಭವಾದವು. ಅವುಗಳ ಮುಂದುವರಿಕೆಯಾಗಿ ಸಮುದಾಯಗಳೇ ತೆರೆದ ಶಾಲೆಗಳಿಗೆ ಕಾನೂನಿನ ಮನ್ನಣೆ ದೊರೆತದ್ದು 1989ರ ಶಿಕ್ಷಣ ಕಾಯ್ದೆಯಿಂದ.

ಈ ಕ್ಷೇತ್ರಕ್ಕೆ ಬರುವೆನೆನ್ನುವವರು ಮುಂದೆ ಕೇಳುವುದು, ಯಾವ ವಿಭಾಗಕ್ಕೆ ಸೇರಬೇಕು ಎಂದು. ವಿಭಾಗದ ಹೆಸರಿಗಿಂತ ಸಂಶೋಧನೆಯ ಮೇಲೆ ಯಾರಿಗೆ ಹಕ್ಕಿದೆ ಎಂಬುದು ನನಗೆ ಮುಖ್ಯ. ತಮ್ಮ ಕುರಿತ ಮಾಹಿತಿಯ ಒಡೆತನ, ನಿಯಂತ್ರಣ, ಅದನ್ನು ಪಡೆಯುವ ಹಕ್ಕು ಮತ್ತು ಸ್ವಾಧೀನ ತಮ್ಮದೇ ಆಗಿರಬೇಕೆಂಬ ತತ್ತ್ವಗಳನ್ನು ಕೆನಡಾದ ಮೂಲನಿವಾಸಿಗಳು 1998ರಲ್ಲಿಯೇ ರೂಪಿಸಿದ್ದಾರೆ. ಅವುಗಳಂತೆ ನಡೆದರೆ ಪ್ರಬಂಧ ತಡವಾಗುತ್ತದೆ, ಕೆಲವೊಮ್ಮೆ ಸಮುದಾಯವು ಪ್ರಕಟಣೆಗೆ ಒಪ್ಪದಿರಲೂಬಹುದು. ಹಾಗಾಗಿ ಸಂಶೋಧನಾ ಪ್ರಸ್ತಾವವನ್ನು ವಿಶ್ವವಿದ್ಯಾಲಯಕ್ಕೆ ಕೊಡುವ ಮೊದಲೇ ಆ ಸಮುದಾಯದ ಹಿರಿಯರ ಮುಂದಿಟ್ಟು, ಅವರು ಬೇಡವೆಂದ ಪ್ರಶ್ನೆಗಳನ್ನು ಕೈಬಿಡಲು ಸಿದ್ಧರಾಗಿ ಬನ್ನಿ ಎಂದು ಈ ಕ್ಷೇತ್ರಕ್ಕೆ ಬರುವವರಿಗೆ ಹೇಳುತ್ತೇನೆ.