ಶಿಖರಗಳ ಬಿರುದು ಮತ್ತು ರಾತ್ರಿ ಪಾಳಿಯ ಡೆಸ್ಕ್

ಮೇ ತಿಂಗಳು ಬಂತೆಂದರೆ ಎವರೆಸ್ಟ್ ಸುದ್ದಿ ಶುರು. ಯಾರೋ ಹತ್ತಿದರು, ಯಾರೋ ಮರಳಲಿಲ್ಲ. ನಾನು ಮಂಗಳೂರಿನಲ್ಲಿ ಪತ್ರಿಕೆಯ ಡೆಸ್ಕಿನಲ್ಲಿದ್ದೇನೆ. ಹೊಸದಾಗಿ ಸೇರಿದ ಉಪಸಂಪಾದಕರು ಆಗ ತಲೆಬರಹಕ್ಕೆ ಮೊದಲು ಹುಡುಕುವುದು ‘ವಿಶ್ವದ ಛಾವಣಿ’ಯನ್ನು. ಎರಡು ಕಾಲಮ್ಮಿಗೆ ಸರಿಯಾಗಿ ಕೂರುತ್ತದೆ, ಓದಲೂ ಚಂದ. ಆದರೂ ನಾನು ಅದನ್ನು ತೆಗೆಸುತ್ತೇನೆ.

“ಯಾಕೆ ಸರ್, ಎವರೆಸ್ಟೇ ಅಲ್ವಾ ಎಲ್ಲಕ್ಕಿಂತ ಎತ್ತರ?”

“ಎತ್ತರ ಹೌದು ಮಾರಾಯ. ಆದರೆ ಛಾವಣಿ ಅಂದರೆ ಹರಡಿಕೊಂಡಿರಬೇಕಲ್ಲ?”

1838ರಲ್ಲಿ ಮಧ್ಯ ಏಷ್ಯಾದ ಆಕ್ಸಸ್ ನದಿಯ ಮೂಲ ಹುಡುಕಿ ಹೋದ ಜಾನ್ ವುಡ್, ಪಾಮಿರ್ ಸೀಮೆಯನ್ನು ಅಲ್ಲಿನವರು ‘ಬಾಮ್-ಇ-ದುನಿಯಾ’, ಅಂದರೆ ವಿಶ್ವದ ಛಾವಣಿ ಎನ್ನುತ್ತಾರೆಂದು ಬರೆದಿಟ್ಟ. ಆಮೇಲೆ ಆ ಬಿರುದು ಟಿಬೆಟ್ಟಿಗೂ ಹೋಯಿತು. ಎರಡೂ ವಿಶಾಲವಾದ ಎತ್ತರದ ಸೀಮೆಗಳು, ಒಂಟಿ ತುದಿಗಳಲ್ಲ. ‘ಮೂರನೇ ಧ್ರುವ’ದ ಕಥೆ ಬೇರೆ. ಹಿಂದೆ ಅದು ಎವರೆಸ್ಟಿಗೇ ಸಲ್ಲುತ್ತಿತ್ತು. ಎರಡು ಧ್ರುವ ಮುಟ್ಟಿದ ಮನುಷ್ಯನಿಗೆ ಉಳಿದ ಮೂರನೆಯ ಗುರಿ ಎಂಬ ಅರ್ಥದಲ್ಲಿ. ಈಗ ವಿಜ್ಞಾನಿಗಳು ಹಾಗೆನ್ನುವುದು ಹಿಮಾಲಯ, ಹಿಂದೂಕುಷ್, ಟಿಬೆಟ್ ಸೇರಿದ ಇಡೀ ಹಿಮದ ಸೀಮೆಗೆ.

ಜಾಗರೂಕತೆ ಹೆಚ್ಚು ಬೇಕಾಗುವುದು ಸಾವಿನ ಸುದ್ದಿಯಲ್ಲಿ. ಎತ್ತರದಲ್ಲಿ ಎವರೆಸ್ಟಿನ ನಂತರದ, 8,611 ಮೀಟರಿನ ಕೆ2 ಪರ್ವತಕ್ಕೆ ‘ಕ್ರೂರ ಪರ್ವತ’ ಎಂಬ ಹೆಸರಿದೆ. 1953ರ ಆಗಸ್ಟಿನಲ್ಲಿ ಅಮೆರಿಕದ ತಂಡವೊಂದು ಕಾಯಿಲೆ ಬಿದ್ದ ಆರ್ಟ್ ಗಿಲ್ಕಿಯನ್ನು ಹಗ್ಗದಲ್ಲಿ ಕೆಳಗಿಳಿಸುತ್ತಿತ್ತು. ಗಟ್ಟಿ ಮಂಜಿನ ಮೇಲೆ ಜಾರ್ಜ್ ಬೆಲ್ ಕಾಲು ಜಾರಿತು. ಹಗ್ಗಗಳು ಒಂದಕ್ಕೊಂದು ಸಿಕ್ಕಿಕೊಂಡು ಐದು ಮಂದಿ ಉರುಳಿದರು. ಬಂಡೆಯ ಹಿಂದೆ ಹಿಮಗೊಡಲಿ ಊರಿ ನಿಂತಿದ್ದ ಪೀಟ್ ಶೋನಿಂಗ್ ಒಬ್ಬನೇ ಅಷ್ಟೂ ಭಾರ ತಡೆದ. ಐವರೂ ಬದುಕಿದರು, ಗಿಲ್ಕಿ ಉಳಿಯಲಿಲ್ಲ. ಇದು ಮನುಷ್ಯನನ್ನು ಕೊಲ್ಲಲು ನೋಡುವ ಕ್ರೂರ ಪರ್ವತ ಎಂದು ಆಮೇಲೆ ಹೇಳಿದವನು ಆ ಬೆಲ್. ಜಾರಿ ಬದುಕಿದವನ ಬಾಯಿಂದ ಬಂದ ಮಾತು ಅದು. ದೂರದ ಊರಿನ ಡೆಸ್ಕಿನಲ್ಲಿ ಕುಳಿತು ಅದನ್ನು ಅಲಂಕಾರಕ್ಕೆ ಎತ್ತಿಕೊಳ್ಳಲು ನನಗೆ ಮನಸ್ಸು ಬರುವುದಿಲ್ಲ.

ಪಾಕಿಸ್ತಾನದ ಕಡೆಯ ನಂಗಾ ಪರ್ಬತ್‌ಗಿರುವ ‘ಕೊಲೆಗಡುಕ ಪರ್ವತ’ ಎಂಬ ಬಿರುದೂ ಹಾಗೇ. 1937ರ ಜೂನಿನ ಒಂದು ರಾತ್ರಿ ಹಿಮಪಾತ ಜರ್ಮನ್ ತಂಡದ ಶಿಬಿರವನ್ನೇ ಮುಚ್ಚಿ 16 ಮಂದಿ ಸತ್ತರು. ಅವರಲ್ಲಿ 9 ಮಂದಿ ಶೆರ್ಪಾಗಳು. ಸತ್ತವರ ಮನೆಗೂ ಪೇಪರ್ ಹೋಗುತ್ತದೆ. ಅಂಥ ಸುದ್ದಿಗೆ ಬಿರುದು ಬೇಡ, ಪರ್ವತದ ಹೆಸರು, ಎತ್ತರ, ಸತ್ತವರ ಊರು ಸಾಕು ಎಂದು ಹುಡುಗರಿಗೆ ಹೇಳುತ್ತೇನೆ. ‘ಮರಣ ವಲಯ’ ಎಂಬ ಮಾತನ್ನು ಮಾತ್ರ ಉಳಿಸುತ್ತೇನೆ, ಅದಕ್ಕೊಂದು ವಿವರಣೆಯ ಸಾಲು ಇದ್ದರೆ: ಸುಮಾರು 8,000 ಮೀಟರ್ ದಾಟಿದರೆ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಮೂರನೇ ಒಂದು ಪಾಲು, ಮೈ ಅದಕ್ಕೆ ಒಗ್ಗುವುದೇ ಇಲ್ಲ.

ಕ್ರಿಯಾಪದವನ್ನೂ ನೋಡಬೇಕು. ಕಾಂಚನಜುಂಗಾ ಎಂದರೆ ಹಿಮದ ಐದು ನಿಧಿಗಳು. ಸಿಕ್ಕಿಂ ಜನರಿಗೆ ಅದು ದೈವ. 1955ರಲ್ಲಿ ಮೊದಲು ಹತ್ತಿದ ಜೋ ಬ್ರೌನ್ ಮತ್ತು ಜಾರ್ಜ್ ಬ್ಯಾಂಡ್, ಸಿಕ್ಕಿಮಿಗೆ ಕೊಟ್ಟಿದ್ದ ಮಾತಿನಂತೆ ತುದಿ ತುಳಿಯದೆ ಕೆಲವೇ ಅಡಿ ಕೆಳಗೆ ನಿಂತು ಮರಳಿದರು. ಆ ಪರ್ವತದ ವರದಿಯಲ್ಲಿ ‘ಮೆಟ್ಟಿ ನಿಂತರು’ ಎಂದಿದ್ದರೆ ‘ಏರಿದರು’ ಎಂದು ತಿದ್ದಿಯೇ ಪುಟ ಬಿಡುವುದು.